ಅವರು ನಮಗೆ ಏನಾಗಬೇಕು?

ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಹಿರಿಯರೊಬ್ಬರ ಪಕ್ಕ ಕುಳಿತರೆ ನಮ್ಮ ವಯಸ್ಸಿನವರು ಎರಡು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾರರು. ಮೊದಲನೆಯದು, “ಓದು ಮುಗಿದ ಮೇಲೆ ಏನಾಗಬೇಕು ಅಂತಿದ್ದೀಯಪ್ಪಾ?” ಎರಡನೆಯದು, ದೂರದಲ್ಲಿ ನಿಂತ ಯಾರನ್ನೋ ತೋರಿಸಿ, “ಅವರು ನಿನಗೆ ಏನಾಗಬೇಕು?” ಮೊದಲನೆಯದಕ್ಕೆ ಇಂಜಿನಿಯರ್, ಡಾಕ್ಟರ್, ಲೆಕ್ಚರರ್ ಎಂದು ಉತ್ತರಿಸುತ್ತೇವೆ. ಎರಡನೆಯದಕ್ಕೆ ಸೋದರಮಾವ, ದೊಡ್ಡಪ್ಪ, ನೆರೆಮನೆಯವರು ಎನ್ನುತ್ತೇವೆ. ಗುರಿಯನ್ನು ಕೇಳುವುದಕ್ಕೂ ಸಂಬಂಧವನ್ನು ಕೇಳುವುದಕ್ಕೂ ಕನ್ನಡ ಒಂದೇ ಮಾತನ್ನು ಇಟ್ಟುಕೊಂಡಿದೆ. ದಿನವೂ ಆಡುವ ಮಾತಾದ್ದರಿಂದ ನಾವು ಇದನ್ನು ಗಮನಿಸುವುದಿಲ್ಲ.

ಶಾಲೆ, ಕಾಲೇಜುಗಳಲ್ಲಿ ಕಳೆಯುವ ಹದಿನೈದು ವರ್ಷಗಳು ನಮ್ಮನ್ನು ಮೊದಲ ಪ್ರಶ್ನೆಗೆ ಮಾತ್ರ ತಯಾರು ಮಾಡುತ್ತವೆ. ಎರಡನೆಯದು ಮನೆಯ ವಿಷಯ ಎಂದು ಬಿಟ್ಟುಬಿಡುತ್ತವೆ. ಈ ಊರು ನಿನಗೆ ಏನಾಗಬೇಕು, ಇಲ್ಲಿ ಕೋಟೆ ಕಟ್ಟಿದವರು ಏನಾಗಬೇಕು, ನಿನ್ನ ಫೀಸಿಗೆ ಹಣ ಹೊಂದಿಸಿದವರು ಏನಾಗಬೇಕು ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಮೊದಲನೆಯದಕ್ಕೆ ಸರಿಯಾದ ಉತ್ತರ ಕೊಡಬಲ್ಲರೆ? ನಾವು ಇಲ್ಲಿ ಯೋಚಿಸಬೇಕೆಂದಿರುವುದು ಇದನ್ನೇ.

ದಿಕ್ಕಿನ ಹೆಸರಿನ ಜಿಲ್ಲೆ

ನಮ್ಮ ಜಿಲ್ಲೆಯ ಹೆಸರಿನಿಂದಲೇ ಆರಂಭಿಸಬಹುದು. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಎರಡಾಗಿ ಮಾಡಿ ನಗರವನ್ನು ಒಂದು ಕಡೆ, ಉಳಿದದ್ದನ್ನು ‘ಬೆಂಗಳೂರು ಗ್ರಾಮಾಂತರ’ ಎಂದು ಇನ್ನೊಂದು ಕಡೆ ಇಟ್ಟರು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. 2025ರ ಜುಲೈಯಲ್ಲಿ ನಂದಿ ಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟ ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು. ಗ್ರಾಮಾಂತರ ಎಂದರೂ ಉತ್ತರ ಎಂದರೂ ಅಳತೆಗೋಲು ನೆಟ್ಟಿರುವುದು ಬೆಂಗಳೂರಿನಲ್ಲೇ. ನಾವು ಯಾರು ಎನ್ನುವುದಕ್ಕಿಂತ ನಾವು ನಗರದಿಂದ ಯಾವ ಕಡೆಗಿದ್ದೇವೆ ಎನ್ನುವುದು ನಮ್ಮ ಗುರುತಾಗಿದೆ.

ನಮ್ಮ ಗುರಿಗಳಿಗೂ ಇದೇ ಆಗಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾಯಿತು. ಅದಕ್ಕೆ ಹೋದ ಭೂಮಿ ಸುಮಾರು 4,000 ಎಕರೆ. ಅದರಿಂದ ಎಷ್ಟೋ ಮನೆಗಳಿಗೆ ಅನ್ನ ಸಿಕ್ಕಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಟ್ಯಾಕ್ಸಿ ಓಡಿಸುವವರು, ಸರಕು ವಿಭಾಗದಲ್ಲಿ ರಾತ್ರಿ ಪಾಳಿ ಮಾಡುವವರು, ನೆಲ ಒರೆಸುವ ಹೆಂಗಸರು, ಕೌಂಟರಿನಲ್ಲಿ ನಗುತ್ತಾ ನಿಲ್ಲುವ ಹುಡುಗಿಯರು, ಇವರೆಲ್ಲ ನಮ್ಮ ನಡುವಿನವರೇ. ಆದರೆ ಅದೇ ಹೊತ್ತಿಗೆ ಓದು ಎಂಬುದರ ಅರ್ಥವೂ ಬದಲಾಯಿತು. ಯಾವ ಕೋರ್ಸಿಗೆ ಯಾವ ಗೇಟಿನಲ್ಲಿ ಕೆಲಸ ಸಿಗುತ್ತದೆ ಎನ್ನುವುದು ಮೊದಲು ತೀರ್ಮಾನವಾಗಿ, ಆಮೇಲೆ ನಮಗೆ ಯಾವುದರಲ್ಲಿ ಆಸಕ್ತಿ ಎಂಬುದು ತೀರ್ಮಾನವಾಗತೊಡಗಿತು. ನಮ್ಮದೇ ಎಂದು ನಾವು ಎದೆ ತಟ್ಟಿ ಹೇಳುವ ಗುರಿ ಎಷ್ಟೋ ಸಲ ಆ ವರ್ಷದ ಕೆಲಸದ ಜಾಹೀರಾತಿನ ನೆರಳಾಗಿರುತ್ತದೆ.

ಹೊಟ್ಟೆಪಾಡಿನ ಗುರಿಯನ್ನು ಕೀಳೆಂದು ನಾವು ಹೇಳುತ್ತಿಲ್ಲ. ಹಸಿವನ್ನು ಕಂಡ ಮನೆಯಲ್ಲಿ ಸಂಬಳಕ್ಕಿಂತ ದೊಡ್ಡ ಆದರ್ಶ ಬೇರೆ ಇಲ್ಲ. ನಮ್ಮ ತಕರಾರು ಇಷ್ಟೇ: ಆ ಗುರಿಯನ್ನು ಆರಿಸುವಾಗ ನಮ್ಮ ಕೈಗೆ ಕೊಡಬೇಕಾಗಿದ್ದ ಒಂದು ಸಾಧನವನ್ನು ಶಿಕ್ಷಣ ಕೊಡಲಿಲ್ಲ. ಆ ಸಾಧನದ ಹೆಸರು ಇತಿಹಾಸ.

ಕೋಟೆಯ ಬಾಗಿಲಲ್ಲಿ

ಇತಿಹಾಸ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಇಸವಿಗಳ ಪಟ್ಟಿ. ಪರೀಕ್ಷೆ ಮುಗಿದ ಸಂಜೆ ಮರೆತುಹೋಗುವ ವಿಷಯ. ಆದರೆ ದೇವನಹಳ್ಳಿಯಲ್ಲಿ ಬೆಳೆದವರಿಗೆ ಇತಿಹಾಸ ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಆವತಿಯ ಗೌಡ ಮನೆತನದ ಮಲ್ಲಬೈರೇಗೌಡರು 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿದರು. 1749ರಲ್ಲಿ ಮೈಸೂರಿನ ಸೈನ್ಯ ಅದಕ್ಕೆ ಮುತ್ತಿಗೆ ಹಾಕಿತು. ಆ ಮುತ್ತಿಗೆಯಲ್ಲೇ ಹೈದರ್ ಅಲಿ ಎಂಬ ಯೋಧನ ಹೆಸರು ಮೊದಲ ಬಾರಿಗೆ ಮೇಲಿನವರ ಕಿವಿಗೆ ಬಿತ್ತು. ಅವರ ಮಗ ಟಿಪ್ಪು ಹುಟ್ಟಿದ್ದು ಇದೇ ಊರಿನಲ್ಲಿ. ಮಣ್ಣಿನ ಗೋಡೆ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ವಶಪಡಿಸಿಕೊಂಡಿತು. ಇಂದಿಗೂ ಕೋಟೆಯೊಳಗೆ ಮನೆಗಳಿವೆ, ದೇವಸ್ಥಾನಗಳಿವೆ, ಜನ ಬಟ್ಟೆ ಒಣಹಾಕುತ್ತಾರೆ.

ಈ ಕೋಟೆಯ ಬಾಗಿಲಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಹುಡುಗರನ್ನು ನಿಲ್ಲಿಸಿ ನೋಡೋಣ. ಒಬ್ಬನಿಗೆ ಈ ಕೋಟೆ ಎರಡು ಅಂಕದ ಪ್ರಶ್ನೆ. ಇನ್ನೊಬ್ಬನಿಗೆ, ಅವನ ಹೆಸರು ಇಮ್ರಾನೋ ಇರ್ಫಾನೋ ಆಗಿದ್ದರೆ, ಅದು ಒಮ್ಮೊಮ್ಮೆ ಅವನ ಮೇಲಿನ ಆರೋಪ. “ಟಿಪ್ಪು ನಿನಗೆ ಏನಾಗಬೇಕು?” ಎಂದು ಅವನನ್ನು ನೇರವಾಗಿಯೋ ಸುತ್ತುಬಳಸಿಯೋ ಕೇಳಲಾಗುತ್ತದೆ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆಚರಿಸಲು ತೊಡಗಿತು. ಆ ವರ್ಷವೇ ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರಲ್ಲಿ ಇನ್ನೊಂದು ಸರ್ಕಾರ ಜಯಂತಿಯನ್ನು ರದ್ದು ಮಾಡಿತು. ಹೂವಿನ ಹಾರ ಹಾಕಿದವರೂ ಹಾರ ಕಿತ್ತವರೂ ಆ ಹುಡುಗನನ್ನು ಒಂದು ಮಾತು ಕೇಳಲಿಲ್ಲ. ಅವನ ಪರವಾಗಿ ಸಂಬಂಧವನ್ನು ಬೇರೆಯವರೇ ಗೊತ್ತು ಮಾಡಿಬಿಟ್ಟರು.

ಹಾಗಾದರೆ ಅವನು ಏನು ಉತ್ತರ ಕೊಡಬೇಕು? ‘ಏನೂ ಆಗಬೇಕಿಲ್ಲ’ ಎಂದು ಕೈ ಕೊಡವಿಕೊಳ್ಳಬಹುದು. ‘ನಮ್ಮವರು’ ಎಂದು ಎದೆ ಉಬ್ಬಿಸಬಹುದು. ಎರಡೂ ಸುಲಭದ ಉತ್ತರಗಳು. ಟಿಪ್ಪು ಸುಲ್ತಾನರ ಕಾಲದಲ್ಲಿ ಕೊಡಗಿನಲ್ಲಿ, ಮಲಬಾರಿನಲ್ಲಿ ನಡೆದ ಬಲವಂತದ ಸಾಗಣೆಯನ್ನೂ ಹಿಂಸೆಯನ್ನೂ ಓದಬೇಕು. 1791ರಲ್ಲಿ ಮರಾಠ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅಲ್ಲಿನ ಸ್ವಾಮಿಗಳಿಗೆ ಅವರು ಕನ್ನಡದಲ್ಲಿ ಬರೆಸಿದ ಪತ್ರಗಳನ್ನೂ ಕಳಿಸಿದ ನೆರವನ್ನೂ ಓದಬೇಕು. ಆ ಪತ್ರಗಳನ್ನು 1916ರಲ್ಲಿ ಮಠದಲ್ಲಿ ಕಂಡು ಹೊರತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಇವೆರಡರಲ್ಲಿ ಒಂದನ್ನು ಮಾತ್ರ ಓದಿದವರು ಯಾವ ಪಕ್ಷದವರಾದರೂ ಅರ್ಧವನ್ನಷ್ಟೇ ಓದಿದವರು.

ಹಿರಿಯರ ಪಾಪ ರಕ್ತದಲ್ಲಿ ಹರಿದು ಬರುವುದಿಲ್ಲ, ಅವರ ಕೀರ್ತಿಯೂ ಹಾಗೆ ಬರುವುದಿಲ್ಲ ಎಂದು ನಾವು ನಂಬುತ್ತೇವೆ. ಇನ್ನೂರು ವರ್ಷಗಳ ಹಿಂದಿನ ಯುದ್ಧಕ್ಕೆ ಹದಿನೈದರ ಹುಡುಗ ಜವಾಬುದಾರನಲ್ಲ. ಅದೇ ನ್ಯಾಯದಲ್ಲಿ ಇನ್ನೂರು ವರ್ಷಗಳ ಹಿಂದಿನ ಗೆಲುವಿಗೆ ಅವನು ಮೀಸೆ ತಿರುವುವಂತೆಯೂ ಇಲ್ಲ. ಬರುವುದು ಒಂದೇ ಒಂದು, ತಿಳಿಯಬೇಕಾದ ಹೊಣೆ. ಆ ಹೊಣೆ ಇಮ್ರಾನನದಷ್ಟೇ ಪಕ್ಕದಲ್ಲಿ ಕುಳಿತ ಗೆಳೆಯನದೂ ಆಗಿದೆ. ಯಾಕೆಂದರೆ ಒಂದೇ ಕೋಟೆಯ ನೆರಳಿನಲ್ಲಿ ಬೆಳೆದ ಇಬ್ಬರಿಗೂ ಆ ಕೋಟೆ ಒಂದೇ ಬಗೆಯಲ್ಲಿ ಏನೋ ಆಗಬೇಕು.

ಇದೇ ಮಾತು ಕೆಂಪೇಗೌಡರಿಗೂ ಸಲ್ಲುತ್ತದೆ. 2013ರಲ್ಲಿ ವಿಮಾನ ನಿಲ್ದಾಣಕ್ಕೆ ಅವರ ಹೆಸರು ಬಂತು. 2022ರ ನವೆಂಬರಿನಲ್ಲಿ ಅಲ್ಲಿ ಅವರ 108 ಅಡಿ ಎತ್ತರದ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಆದರೆ ಅಲ್ಲಿಂದ ಸ್ವಲ್ಪವೇ ದೂರದ ಆವತಿಯ ಹೆಸರು ನಮ್ಮ ಎಷ್ಟು ಜನ ಸಹಪಾಠಿಗಳಿಗೆ ಗೊತ್ತು? ಐತಿಹ್ಯದ ಪ್ರಕಾರ ಈ ಮನೆತನದ ಮೂಲಪುರುಷ ರಣಭೈರೇಗೌಡರು ಕಂಚಿಯ ಕಡೆಯಿಂದ ತಮ್ಮ ಕುಟುಂಬದ ಮಾನ ಉಳಿಸಿಕೊಳ್ಳಲು ಗಾಡಿ ಕಟ್ಟಿಕೊಂಡು ಬಂದವರು, ಆವತಿಯಲ್ಲಿ ನೆಲೆ ಕಂಡವರು. ಅದೇ ವಂಶದ ಒಂದು ಕವಲು ಯಲಹಂಕದಲ್ಲಿ ಬೇರೂರಿತು. ಆ ಕವಲಿನ ಕೆಂಪೇಗೌಡರು 1537ರಲ್ಲಿ ಬೆಂಗಳೂರಿಗೆ ಬುನಾದಿ ಹಾಕಿದರು. ಅಂದರೆ ಜಗತ್ತಿನ ಮೂಲೆಮೂಲೆಯಿಂದ ಜನ ಬಂದಿಳಿಯುವ ಈ ನೆಲದ ಕಥೆಯೇ ಆಸರೆ ಬೇಡಿ ಬಂದವರಿಂದ ಆರಂಭವಾಗುತ್ತದೆ. ಕಂಚಿನ ಎತ್ತರವನ್ನು ಕಂಠಪಾಠ ಮಾಡಿಸುವ ಶಿಕ್ಷಣ ಈ ಕಥೆಯನ್ನು ಹೇಳಿಕೊಟ್ಟಿದ್ದರೆ, ಹೊರಗಿನಿಂದ ದುಡಿಯಲು ಬಂದ ಬಡವನನ್ನು ನಾವು ನೋಡುವ ಬಗೆಯೇ ಬೇರೆಯಾಗುತ್ತಿರಲಿಲ್ಲವೆ?

ಅಕ್ಷರ ಬಾರದ ತಂದೆ

ಹೈದರ್ ಅಲಿಗೆ ಓದು ಬರಹ ಬರುತ್ತಿರಲಿಲ್ಲ. ಸಹಿಯ ಜಾಗದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರವನ್ನಷ್ಟೇ ಗೀಚುತ್ತಿದ್ದರು ಎಂದು ಇತಿಹಾಸಕಾರರು ಬರೆದಿದ್ದಾರೆ. ಅಂಥ ತಂದೆ ಮಗನಿಗೆ ಉಸ್ತಾದರನ್ನು ನೇಮಿಸಿದರು, ಭಾಷೆಗಳನ್ನು ಕಲಿಸಿದರು, ಕುದುರೆ ಸವಾರಿಯ ಜೊತೆಗೆ ಪುಸ್ತಕವನ್ನೂ ಕೈಗಿತ್ತರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಮಗನ ಅರಮನೆಯಲ್ಲಿ ಸುಮಾರು 2,000 ಹಸ್ತಪ್ರತಿಗಳಿದ್ದವು. ಅವುಗಳಲ್ಲಿ ಕೆಲವು ಕಲ್ಕತ್ತಕ್ಕೆ, ಕೆಲವು ಲಂಡನ್ನಿಗೆ ಹೋದವು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ ಅವುಗಳ ವಿವರವಾದ ಪಟ್ಟಿಯನ್ನು ಅಚ್ಚು ಮಾಡಿಸಿದ. ಬಾಣಗಳ, ಬಂದೂಕುಗಳ ಟಿಪ್ಪುವನ್ನು ನಮಗೆ ಎರಡೂ ಕಡೆಯವರು ತೋರಿಸಿದ್ದಾರೆ. ಅಕ್ಷರ ಬಾರದ ತಂದೆಯ ಮಗ ಕೂಡಿಸಿಟ್ಟ ಪುಸ್ತಕಗಳ ಬಗ್ಗೆ ಮಾತಾಡುವವರು ಕಡಿಮೆ.

ಅರಮನೆಯ ಕಥೆಯನ್ನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ತಾಲ್ಲೂಕುಗಳ ಮನೆಮನೆಯಲ್ಲಿ ಈ ಕಥೆಯ ಬಡವರ ಆವೃತ್ತಿ ನಡೆಯುತ್ತಿದೆ. ಹೆಬ್ಬೆಟ್ಟು ಒತ್ತುವ ಅಪ್ಪ ಮಗಳ ಕಾಲೇಜಿನ ಅರ್ಜಿ ಹಿಡಿದು ಸರದಿಯಲ್ಲಿ ನಿಂತಿರುತ್ತಾನೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಯುವ ತಾಯಿ ಮಗನ ಟ್ಯೂಷನ್ನಿಗೆ ಚೀಟಿ ಹಣ ಕಟ್ಟುತ್ತಾಳೆ. ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ಅಜ್ಜಿ ಮೊಮ್ಮಗಳ ಪುಸ್ತಕಕ್ಕೆ ಸೆರಗಿನ ಗಂಟು ಬಿಚ್ಚುತ್ತಾಳೆ. ‘ನನ್ನ ವೈಯಕ್ತಿಕ ಗುರಿ’ ಎಂದು ನಾವು ಸಂದರ್ಶನದಲ್ಲಿ ಹೇಳುವ ವಾಕ್ಯದೊಳಗೆ ಇಷ್ಟು ಜನ ಇದ್ದಾರೆ. ಅದರಲ್ಲಿ ವೈಯಕ್ತಿಕವಾದದ್ದು ಎಷ್ಟು ಉಳಿಯುತ್ತದೆ?

ಇದನ್ನು ಸಾಲ ಎನ್ನುವುದು ಸರಿಯೆ? ಸಾಲವಾದರೆ ತೀರಿಸಿ ಕೈ ತೊಳೆದುಕೊಳ್ಳಬಹುದು. ತಿಂಗಳಿಗಿಷ್ಟು ಎಂದು ಮನೆಗೆ ಹಣ ಕಳಿಸಿ ಲೆಕ್ಕ ಚುಕ್ತಾ ಎನ್ನಬಹುದು. ಆದರೆ ಅಕ್ಷರ ಬಾರದವರು ಅಕ್ಷರಕ್ಕಾಗಿ ಪಟ್ಟ ಪಾಡು ಹಣದಲ್ಲಿ ತೀರುವಂಥದ್ದಲ್ಲ. ಅವರು ಕೇಳದೆ ಬಿಟ್ಟ ಪ್ರಶ್ನೆಗಳನ್ನು ನಾವು ಕೇಳಿದಾಗ, ಅವರಿಗೆ ಓದಲಾಗದ ಕಾಗದವನ್ನು ಅವರ ಪರವಾಗಿ ಓದಿದಾಗ ಅದು ಸ್ವಲ್ಪ ಹಗುರಾದೀತು.

ಹಾಸು ಮತ್ತು ಹೊಕ್ಕು

ಹಾಗೆ ಓದಿದವರು ನಮ್ಮ ಸುತ್ತಮುತ್ತಲೇ ಇದ್ದರು. ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಬಸ್ಸಿಗೆ ಹಣವಿಲ್ಲದೆ ನಡೆದೇ ಬೆಂಗಳೂರು ಸೇರಿದವರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, 1973ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಇಷ್ಟಾದರೂ 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಬದುಕಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ. ತಾವು ನಡೆದು ಬಂದ ದಾರಿಯನ್ನು ಮರೆಯದೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಯಲು ದುಡಿದರು. ಆ ಕಡೆಯ ಹುಡುಗರು ಮತ್ತೆ ಅಷ್ಟು ದೂರ ನಡೆಯಬೇಕಾಗಲಿಲ್ಲ.

ಇನ್ನೊಬ್ಬರು ನಮ್ಮ ದೊಡ್ಡಬಳ್ಳಾಪುರದವರೇ ಆದ ವಿಮರ್ಶಕ ಡಿ.ಆರ್. ನಾಗರಾಜ್. 1954ರಲ್ಲಿ ಹುಟ್ಟಿ, 1998ರಲ್ಲಿ ನಲವತ್ತನಾಲ್ಕರ ವಯಸ್ಸಿಗೇ ತೀರಿಕೊಂಡರು. ಮಗ್ಗಗಳ ಊರಿನಿಂದ, ನೇಕಾರ ಸಮುದಾಯದಿಂದ ಬಂದವರು ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಎತ್ತರಕ್ಕೆ ಹೋದರು. ಅವರ ‘ಸಾಹಿತ್ಯ ಕಥನ’ಕ್ಕೆ ಮರಣಾನಂತರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾಗರಾಜರು ಮಗ್ಗಕ್ಕೆ ಮರಳಲಿಲ್ಲ, ಯಾರೂ ಅದನ್ನು ಅವರಿಂದ ಬಯಸಲೂ ಇಲ್ಲ. ಆದರೆ ಕೈಕಸುಬಿನ ಸಮುದಾಯಗಳು ಯಂತ್ರದ ಎದುರು ಸೋತಾಗ ಕೆಲಸದ ಜೊತೆಗೆ ನೆನಪು, ದೇವರು, ಹಾಡು, ಘನತೆ ಎಲ್ಲವನ್ನೂ ಕಳೆದುಕೊಳ್ಳುತ್ತವೆ ಎಂಬ ನೋವನ್ನು ಅವರು ತಮ್ಮ ಚಿಂತನೆಯ ನಡುವಿಗೆ ತಂದರು. ದಲಿತರ ಚಳವಳಿಯನ್ನೂ ಅಲ್ಲಮನನ್ನೂ ಅದೇ ತೀವ್ರತೆಯಿಂದ ಓದಿದರು. ಊರನ್ನು ಬಿಟ್ಟರೂ ಊರು ತಮಗೆ ಏನಾಗಬೇಕು ಎಂಬುದನ್ನು ಬಿಡಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಸದ್ದು ಕೇಳುತ್ತಾ ಬೆಳೆದವರಿಗೆ ಹಾಸು ಎಂದರೇನು, ಹೊಕ್ಕು ಎಂದರೇನು ಎಂದು ವಿವರಿಸಬೇಕಾಗಿಲ್ಲ. ಮೊದಲೇ ಬಿಗಿದು ಕಟ್ಟಿದ ಉದ್ದನೆಯ ನೂಲು ಹಾಸು. ಲಾಳಿಯ ಜೊತೆ ಅತ್ತಿತ್ತ ಓಡುವ ನೂಲು ಹೊಕ್ಕು. ಎಷ್ಟೇ ಬಣ್ಣದ ಹೊಕ್ಕಿರಲಿ, ಹಾಸು ಇಲ್ಲದಿದ್ದರೆ ಸೀರೆಯಾಗುವುದಿಲ್ಲ, ನೂಲಿನ ಸಿಕ್ಕಾಗುತ್ತದೆ. ನಮಗಿಂತ ಮೊದಲೇ ಬಿಗಿದಿಟ್ಟ ಇತಿಹಾಸದ ಮೇಲೆ ನಮ್ಮ ಗುರಿ ಅತ್ತಿತ್ತ ಓಡಬೇಕು. ಬಣ್ಣವನ್ನು ಆರಿಸುವ ಸ್ವಾತಂತ್ರ್ಯ ನಮ್ಮದು. ಹಾಸೇ ಇಲ್ಲ ಎಂದುಕೊಳ್ಳುವ ಸ್ವಾತಂತ್ರ್ಯ ನಮಗಿಲ್ಲ.

1,198 ದಿನಗಳು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಮುಂದಾದಾಗ, 2022ರ ಏಪ್ರಿಲ್ 4ರಂದು ರೈತರು ಧರಣಿ ಕುಳಿತರು. ಸರ್ಕಾರ ಬದಲಾಯಿತು, ಧರಣಿ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ಪೊಲೀಸರು ಅವರನ್ನು ಎಳೆದೊಯ್ದರು. ಕೊನೆಗೆ 2025ರ ಜುಲೈ 15ರಂದು, 1,198ನೆಯ ದಿನ, ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿ ಹೇಳಿದರು.

ಈ ಹೋರಾಟದ ಉದ್ದಕ್ಕೂ ರೈತರಿಗೆ ಹೇಳಲಾಗುತ್ತಿದ್ದ ಬುದ್ಧಿವಾದ ಎಲ್ಲರಿಗೂ ಗೊತ್ತು. ನಿಮ್ಮ ಮಕ್ಕಳು ಓದಿದ್ದಾರೆ, ಅವರು ರಾಗಿ ಬೆಳೆಯುವುದಿಲ್ಲ, ದುಡ್ಡು ತಗೊಂಡು ಸುಖವಾಗಿರಿ. ಗಮನಿಸಿ, ಇಲ್ಲಿ ನಮ್ಮ ಓದನ್ನೇ ನಮ್ಮ ಹೆತ್ತವರ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಲಾಯಿತು. ಓದಿದ ಮಗನಿಗೆ ಹೊಲ ಏನೂ ಆಗಬೇಕಿಲ್ಲ ಎಂದು ಅವನನ್ನು ಕೇಳದೆಯೇ ತೀರ್ಮಾನಿಸಲಾಯಿತು. ಕೋಟೆಯ ಬಾಗಿಲಲ್ಲಿ ನಿಂತ ಹುಡುಗನಿಗೆ ಇಲ್ಲದ ಸಂಬಂಧವನ್ನು ಅಂಟಿಸಿದ ಹಾಗೆ, ಇಲ್ಲಿ ಇದ್ದ ಸಂಬಂಧವನ್ನು ಕಿತ್ತುಹಾಕಲಾಯಿತು. ಎರಡರಲ್ಲೂ ಯುವಕರ ಬಾಯಿಗೆ ಬೇರೆಯವರು ಮಾತು ತುರುಕಿದರು.

ಭೂಸ್ವಾಧೀನದ ನೋಟೀಸನ್ನು ಓದಬಲ್ಲವರು, ಕಾಯಿದೆಯ ಕಲಮನ್ನು ಹುಡುಕಬಲ್ಲವರು, ಒಂದು ಎಕರೆ ದ್ರಾಕ್ಷಿಯಿಂದ, ಹಿಪ್ಪುನೇರಳೆಯಿಂದ ಎಷ್ಟು ಕೈಗಳಿಗೆ ಕೆಲಸವೆಂದು ಲೆಕ್ಕ ಬರೆಯಬಲ್ಲವರು ಹಳ್ಳಿಗೆ ಬೇಕು. ಓದಿದವರು ನೇಗಿಲು ಹಿಡಿಯದೆ ಇರಬಹುದು. ಆದರೆ ನೇಗಿಲು ಹಿಡಿದವರ ಪಕ್ಕ ನಿಲ್ಲಲು ಓದು ಅಡ್ಡಿಯಾಗಬಾರದು.

ಬಿಟ್ಟು ಹೋಗುವ ಹಕ್ಕು

ಇಲ್ಲಿ ನಮಗೆ ನಾವೇ ಒಂದು ಆಕ್ಷೇಪವನ್ನು ಎದುರಿಟ್ಟುಕೊಳ್ಳಬೇಕು. ಊರು, ಸಂಬಂಧ, ಇತಿಹಾಸ ಎಂದು ಇಷ್ಟು ಹೇಳುವುದು ಯುವಕರ ಕಾಲಿಗೆ ಹಗ್ಗ ಕಟ್ಟಿದಂತಾಗುವುದಿಲ್ಲವೆ? ಯಾವ ಊರು ಎಂದೂ ನಾವು ಕೇಳಬೇಕಾಗುತ್ತದೆ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನಿಗೆ ಊರು ಬಿಡುವುದೇ ಬಿಡುಗಡೆ. ಹತ್ತನೇ ತರಗತಿ ಮುಗಿಯುತ್ತಲೇ ಗಂಡು ಹುಡುಕುವ ಮನೆಯ ಹುಡುಗಿಗೆ ನಗರದ ಹಾಸ್ಟೆಲಿನ ಒಂದು ಮಂಚವೇ ಸ್ವಾತಂತ್ರ್ಯ. ಅವರ ಎದುರು ನಿಂತು ಬೇರು, ಪರಂಪರೆ ಎಂದು ಉಪದೇಶ ಮಾಡಲು ನಮಗೆ ಯಾವ ಅಧಿಕಾರವೂ ಇಲ್ಲ. ಸಂಬಂಧದ ಹೆಸರಿನಲ್ಲೇ ಅವರನ್ನು ಇಷ್ಟು ದಿನ ತುಳಿದದ್ದು.

ಈ ಆಕ್ಷೇಪ ನಿಜ. ಅದಕ್ಕೆ ನಮ್ಮ ಉತ್ತರ ಇಷ್ಟು: ಸಂಬಂಧವನ್ನು ಅರಿಯುವುದು ಬೇರೆ, ಸಂಬಂಧಕ್ಕೆ ತಲೆಬಾಗುವುದು ಬೇರೆ. ಬಿಟ್ಟು ಹೋಗುವ ಹಕ್ಕು ಎಲ್ಲರಿಗೂ ಇರಬೇಕು. ಆದರೆ ಯಾವುದನ್ನು, ಯಾಕೆ ಬಿಟ್ಟೆ ಎಂದು ತಿಳಿದು ಬಿಟ್ಟವರು ತಾವು ಹೋದಲ್ಲಿ ಅದೇ ಅನ್ಯಾಯವನ್ನು ಮತ್ತೊಬ್ಬರಿಗೆ ಮಾಡುವುದಿಲ್ಲ. ತನ್ನ ಅಜ್ಜಿಯನ್ನು ಬಾವಿಯಿಂದ ದೂರ ನಿಲ್ಲಿಸಿದ್ದರು ಎಂಬ ಇತಿಹಾಸ ಗೊತ್ತಿರುವ ಅಧಿಕಾರಿ ತನ್ನ ಕಚೇರಿಯಲ್ಲಿ ಯಾರನ್ನೂ ಬಾಗಿಲ ಹೊರಗೆ ನಿಲ್ಲಿಸಲು ಹಿಂಜರಿದಾನು. ಓದಲು ಹಟ ಮಾಡಬೇಕಾಗಿ ಬಂದ ಹುಡುಗಿ ನಾಳೆ ತನ್ನ ಮಗಳಿಗೆ ಹಟ ಮಾಡುವ ಅಗತ್ಯವೇ ಬಾರದಂತೆ ನೋಡಿಕೊಂಡಾಳು. ಮರೆತು ಹೋದವರಿಗೆ ಈ ಹಿಂಜರಿಕೆ ಇರುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹೊಸ ಕಟ್ಟಡ ಬೇಡ, ಹೊಸ ಜಯಂತಿಯೂ ಬೇಡ. ಪ್ರೌಢಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ದೂರದ ಊರಿಗೆ ಪ್ರವಾಸ ಕರೆದೊಯ್ಯುವ ಮೊದಲು ಒಂದು ದಿನ ಆವತಿಗೆ ಕರೆದುಕೊಂಡು ಹೋಗಲಿ. ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಹೋಗಲಿ. ಎಂಟನೆಯ ಶತಮಾನದಲ್ಲಿ ಗಂಗರ ದೊರೆ ಶ್ರೀಪುರುಷ ಬೀಡುಬಿಟ್ಟಿದ್ದ ಮಾನ್ಯಪುರ ಅದು, ಈಗ ಪಾಳುಗುಡಿಗಳ ಹಳ್ಳಿ. ದೇವನಹಳ್ಳಿಯ ಕೋಟೆಗೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕರೆತಂದು, ಕೊಡಗನ್ನೂ ಶೃಂಗೇರಿಯನ್ನೂ ಒಂದೇ ಪಾಠದಲ್ಲಿ ಹೇಳುವ ಧೈರ್ಯ ಮೇಷ್ಟ್ರಿಗೆ ಇರಲಿ. ಆ ಧೈರ್ಯ ತೋರಿದ ಮೇಷ್ಟ್ರನ್ನು ಕಾಯುವ ಜವಾಬ್ದಾರಿ ಪೋಷಕರಿಗೆ ಇರಲಿ. ಮನೆಯಲ್ಲಿ ಅಜ್ಜ ಅಜ್ಜಿಯರು ಇರುವಾಗಲೇ, ಈ ಊರಿಗೆ ನೀವು ಬಂದದ್ದು ಯಾವಾಗ, ಯಾರು ಜಾಗ ಕೊಟ್ಟರು, ಯಾರು ಕೊಡಲಿಲ್ಲ ಎಂದು ಮಕ್ಕಳು ಕೇಳಿ ಬರೆದುಕೊಳ್ಳಲಿ. ಇದಕ್ಕೆ ಅಂಕ ಕೊಡುವುದು ಬೇಡ.

ಏನಾಗಬೇಕು ಎಂದು ನಮ್ಮನ್ನು ಕೇಳುವ ಹಿರಿಯರಲ್ಲಿ ಒಂದು ವಿನಂತಿ. ದಯವಿಟ್ಟು ಕೇಳುತ್ತಲೇ ಇರಿ. ಅದರ ಹಿಂದೆ ಕಾಳಜಿ ಇದೆ ಎಂದು ನಮಗೆ ಗೊತ್ತು. ಆದರೆ ನಾವು ಇಂಜಿನಿಯರ್ ಎಂದೋ ಶಿಕ್ಷಕಿ ಎಂದೋ ಉತ್ತರಿಸಿದ ಕೂಡಲೆ ತೃಪ್ತರಾಗಿ ಬೇರೆ ಮಾತಿಗೆ ಹೊರಳಬೇಡಿ. ಹಾಗಾದ ಮೇಲೆ ಈ ಊರಿಗೆ, ಈ ಜನಕ್ಕೆ ನೀನು ಏನಾಗಬೇಕು ಎಂದು ಇನ್ನೊಂದು ಮಾತು ಕೇಳಿ. ನಾವು ತಡವರಿಸಬಹುದು. ಆ ತಡವರಿಕೆಯಿಂದಲೇ ನಮ್ಮ ಓದು ಶುರುವಾಗಲಿ.